ವರ್ಕ್‌ಶಾಪ್ ಉಳಿಯಬೇಕಾದರೆ ವಸೂಲಿ ಕಲಿಯಿರಿ

ಬೆಂಗಳೂರಿನ ಪೀಣ್ಯದಲ್ಲಿ ಬೀಗ ಬಿದ್ದ ಸಣ್ಣ ವರ್ಕ್‌ಶಾಪ್‌ಗಳ ಕಥೆ ಕೇಳುತ್ತಾ ಹೋದರೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ಮುಚ್ಚುವ ತಿಂಗಳಲ್ಲೂ ಅಲ್ಲಿ ಕೆಲಸ ಇತ್ತು. ಮಷಿನ್ ಓಡುತ್ತಿತ್ತು, ಆರ್ಡರ್ ಬರುತ್ತಿತ್ತು, ಹುಡುಗರು ನಿಯತ್ತಿನವರಾಗಿದ್ದರು. ಸಂಬಳದ ದಿನ ಖಾತೆಯಲ್ಲಿ ಹಣ ಮಾತ್ರ ಇರಲಿಲ್ಲ. ಮಾಡಿಕೊಟ್ಟ ಕೆಲಸದ ದುಡ್ಡು ಗಿರಾಕಿಗಳ ಬಳಿ ಮೂರು ತಿಂಗಳಿಂದ, ಆರು ತಿಂಗಳಿಂದ ಬಾಕಿ ಉಳಿದಿತ್ತು.

ಹಲವು ದಶಕ ಜಾಬ್ ವರ್ಕ್ ಮಾಡಿಕೊಂಡು ಬಂದ ಮೇಲೆ ನನಗೆ ಖಚಿತವಾಗಿರುವುದು ಇದು. ಸಣ್ಣ ಉದ್ಯಮದಲ್ಲಿ ಕಸುಬು ಬಲ್ಲವರು ಬೇಕಾದಷ್ಟಿದ್ದಾರೆ. ಮಾಡಿದ ಕೆಲಸಕ್ಕೆ ಸರಿಯಾದ ದರ ಹಾಕಿ, ಆ ಹಣವನ್ನು ಹೊತ್ತಿಗೆ ಸರಿಯಾಗಿ ತರಿಸಿಕೊಳ್ಳುವವರು ಕಡಿಮೆ. ಐಟಿಐ ಅಥವಾ ಡಿಪ್ಲೊಮಾ ಮುಗಿಸಿ, ಕೆಲವು ವರ್ಷ ಬೇರೆಯವರ ಬಳಿ ದುಡಿದು, ಈಗ ಸ್ವಂತಕ್ಕೊಂದು ಸಿಎನ್‌ಸಿ ಹಾಕಿಕೊಳ್ಳಲು ಹೊರಟವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಶೆಡ್ ಪೀಣ್ಯದಲ್ಲಿರಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರಲಿ, ಬೆಳಗಾವಿಯ ಉದ್ಯಮಬಾಗ್‌ನಲ್ಲಿರಲಿ, ಲೆಕ್ಕ ಬದಲಾಗುವುದಿಲ್ಲ.

ಮೊದಲ ಹೆಜ್ಜೆ: ಮನೆಯ ಹಣ ಬೇರೆ, ಶೆಡ್ಡಿನ ಹಣ ಬೇರೆ

ಮೊದಲ ದಿನವೇ ವ್ಯವಹಾರದ ಹೆಸರಲ್ಲಿ ಚಾಲ್ತಿ ಖಾತೆ ತೆರೆಯಿರಿ. ನಿಮಗೊಂದು ಸಂಬಳ ನಿಗದಿ ಮಾಡಿ, ತಿಂಗಳಿಗೊಮ್ಮೆ ಆ ಮೊತ್ತವನ್ನು ಮನೆಯ ಖಾತೆಗೆ ವರ್ಗಾಯಿಸಿ. ಮಗಳ ಶಾಲೆಯ ಫೀಸು, ಊರ ಜಾತ್ರೆಯ ಖರ್ಚು ಎಲ್ಲವೂ ಅದರೊಳಗೇ ಆಗಬೇಕು. ನಮ್ಮ ಎಷ್ಟೋ ಶೆಡ್‌ಗಳಲ್ಲಿ ಬಿಲ್ಲು, ಬ್ಯಾಂಕು, ಜಿಎಸ್‌ಟಿ ಎಲ್ಲವನ್ನೂ ನೋಡಿಕೊಳ್ಳುವವರು ಮಾಲೀಕರ ಹೆಂಡತಿ. ಅವರಿಗೂ ಸಂಬಳ ಹಾಕಿ. ಅದು ನ್ಯಾಯ. ಜೊತೆಗೆ, ಆ ಕೆಲಸಕ್ಕೆ ತಗಲುವ ನಿಜವಾದ ಖರ್ಚು ಲೆಕ್ಕದ ಪುಸ್ತಕದಲ್ಲಿ ಕಾಣಿಸುತ್ತದೆ.

ಎರಡನೇ ಹೆಜ್ಜೆ: ನಿಮ್ಮ ಮಷಿನ್‌ನ ಗಂಟೆಯ ದರ ನೀವೇ ಕಂಡುಕೊಳ್ಳಿ

‘ಪಕ್ಕದ ಶೆಡ್‌ನಲ್ಲಿ ಗಂಟೆಗೆ ಇಷ್ಟು ತಗೊಳ್ತಾರೆ, ನೀವೂ ಅಷ್ಟಕ್ಕೇ ಮಾಡಿಕೊಡಿ’ ಎನ್ನುವುದು ಪರ್ಚೇಸ್ ವಿಭಾಗದವರ ನಿತ್ಯದ ಮಾತು. ಪಕ್ಕದವರ ಮಷಿನ್ ಸಾಲ ತೀರಿರಬಹುದು, ಶೆಡ್ ಸ್ವಂತದ್ದಿರಬಹುದು. ಅವರ ದರ ನಿಮಗೆ ಹೊಂದುವುದಿಲ್ಲ.

ಉದಾಹರಣೆಗೆ, ₹24 ಲಕ್ಷದ ಒಂದು ಸಿಎನ್‌ಸಿ ಲೇತ್ ತೆಗೆದುಕೊಳ್ಳಿ. ಎಂಟು ವರ್ಷ ಬಾಳಿಕೆ ಎಂದರೆ ತಿಂಗಳಿಗೆ ₹25,000 ಸವಕಳಿ. ಬಡ್ಡಿ ಸರಾಸರಿ ₹10,000. ಆಪರೇಟರ್‌ಗೆ ಪಿಎಫ್, ಇಎಸ್‌ಐ ಸೇರಿ ₹24,000. ಬಾಡಿಗೆಯಲ್ಲಿ ಆ ಮಷಿನ್‌ನ ಪಾಲು ₹12,000. ಕರೆಂಟ್ ₹14,000. ಎಣ್ಣೆ, ಕೂಲಂಟ್, ರಿಪೇರಿ ₹9,000. ಇನ್‌ಸ್ಪೆಕ್ಷನ್, ಆಫೀಸು, ಮಾಲು ಸಾಗಿಸುವ ಆಟೊ ಎಲ್ಲದರ ಪಾಲು ₹16,000. ನಿಮ್ಮ ಸಂಬಳದಲ್ಲಿ ಈ ಮಷಿನ್‌ನ ಪಾಲು ₹10,000. ಒಟ್ಟು ₹1,20,000.

ಇದನ್ನು ಎಷ್ಟು ಗಂಟೆಯಿಂದ ಭಾಗಿಸುತ್ತೀರಿ ಎನ್ನುವುದರಲ್ಲೇ ಎಲ್ಲವೂ ಇದೆ. ದಿನಕ್ಕೆ ಎಂಟು ಗಂಟೆಯಂತೆ 26 ದಿನಕ್ಕೆ 208 ಗಂಟೆ ಎಂದು ಹಿಡಿದರೆ ಗಂಟೆಗೆ ಸುಮಾರು ₹577 ಬರುತ್ತದೆ. ಆದರೆ ಸೆಟ್ಟಿಂಗ್‌ಗೆ ಹೋಗುವ ಹೊತ್ತು, ಗಿರಾಕಿಯ ಮಾಲು ಬಾರದೆ ಕಾದ ಹೊತ್ತು, ಕರೆಂಟ್ ಹೋದದ್ದು, ಆಪರೇಟರ್ ರಜೆ ಹಾಕಿದ್ದು ಎಲ್ಲ ಕಳೆದು ಮಷಿನ್ ನಿಜವಾಗಿ ಲೋಹ ಕತ್ತರಿಸಿದ್ದು 150 ಗಂಟೆ ಎಂದಿಟ್ಟುಕೊಳ್ಳಿ. ಆಗ ಗಂಟೆಯ ಖರ್ಚು ₹800. ಆರು ನಿಮಿಷದ ಜಾಬ್ ಒಂದಕ್ಕೆ, ಇನ್ಸರ್ಟ್ ಖರ್ಚು ಬಿಟ್ಟು, ಮೊದಲ ಲೆಕ್ಕದಲ್ಲಿ ₹58, ಎರಡನೆಯದರಲ್ಲಿ ₹80. ₹65ಕ್ಕೆ ಒಪ್ಪಿಕೊಂಡವರು ಪೀಸಿಗೆ ₹7 ಲಾಭ ಎಂದುಕೊಂಡಿರುತ್ತಾರೆ. ವಾಸ್ತವದಲ್ಲಿ ಪೀಸಿಗೆ ₹15 ಕೈಯಿಂದ ಹೋಗುತ್ತಿರುತ್ತದೆ.

ಹಾಗಾಗಿ ಪ್ರತಿ ಮಷಿನ್‌ನ ಮೇಲೂ ಒಂದು ನೋಟ್‌ಬುಕ್ ಇರಲಿ. ಯಾವಾಗ ನಿಂತಿತು, ಯಾಕೆ ನಿಂತಿತು ಎಂದು ಆಪರೇಟರ್ ಬರೆಯಲಿ. ಮೂರು ತಿಂಗಳ ಪುಟಗಳನ್ನು ಕೂಡಿಸಿದರೆ ನಿಮ್ಮದೇ ಅಂಕಿ ಸಿಗುತ್ತದೆ. ಆ ಅಂಕಿ ಕೈಯಲ್ಲಿದ್ದವರು ದರದ ಮಾತಿಗೆ ಕುಳಿತಾಗ ಬೇಗ ಬಾಗುವುದಿಲ್ಲ. ಕೆಲವು ಆರ್ಡರ್‌ಗಳನ್ನು ಬೇಡ ಎನ್ನುವ ಧೈರ್ಯವೂ ಅಲ್ಲಿಂದಲೇ ಬರುತ್ತದೆ.

ಮೂರನೇ ಹೆಜ್ಜೆ: ಕಾಗದ ಬಾರದೆ ಮಾಲು ಮಷಿನ್‌ಗೆ ಹಾಕಬೇಡಿ

‘ಅರ್ಜೆಂಟ್ ಇದೆ, ಶುರು ಮಾಡಿ, ಪಿಒ (ಪರ್ಚೇಸ್ ಆರ್ಡರ್) ನಾಳೆ ಕಳಿಸ್ತೀವಿ’ ಎಂದು ಫೋನ್ ಬಂದರೆ, ಕನಿಷ್ಠ ಒಂದು ಇ–ಮೇಲ್ ಆದರೂ ತರಿಸಿಕೊಳ್ಳಿ. ಅದರಲ್ಲಿ ಡ್ರಾಯಿಂಗ್ ಸಂಖ್ಯೆ, ಅದು ಎಷ್ಟನೇ ರಿವಿಷನ್ ಎನ್ನುವುದು, ಪ್ರಮಾಣ, ದರ, ಹಣ ಕೊಡುವ ಅವಧಿ ಇರಲಿ. ಹಳೆಯ ರಿವಿಷನ್‌ಗೆ ಮಾಡಿ ಕಳಿಸಿದ ಇಡೀ ಲಾಟ್ ವಾಪಸ್ ಬಂದಾಗ, ತಪ್ಪು ಯಾರದು ಎಂದು ತೋರಿಸಲು ಆ ಮೇಲ್ ಒಂದೇ ಆಧಾರ.

ಮೊದಲ ಪೀಸನ್ನು ಅಳೆದು, ಅಳತೆ ಬರೆದು, ಗಿರಾಕಿಯ ಕ್ವಾಲಿಟಿಯವರ ಒಪ್ಪಿಗೆ ಪಡೆದು ಮುಂದುವರಿಯಿರಿ. ಮಾಲು ಕಳಿಸುವಾಗ ಡೆಲಿವರಿ ಚಲನ್‌ನ ಒಂದು ಪ್ರತಿಗೆ ಸೀಲು, ಸಹಿ, ತಾರೀಕು ಹಾಕಿಸಿಕೊಂಡೇ ಆಟೊ ಹಿಂತಿರುಗಬೇಕು. ಈ ತಾರೀಕು ಯಾಕೆ ಮುಖ್ಯ ಎಂದರೆ, ಮುಂದೆ ಹೇಳುವ ಕಾನೂನಿನ ದಿನಗಣನೆ ಅಲ್ಲಿಂದಲೇ ಆರಂಭ. ಮಾಲು ತಲುಪಿದ 15 ದಿನದೊಳಗೆ ಗಿರಾಕಿ ಲಿಖಿತವಾಗಿ ತಕರಾರು ಎತ್ತದಿದ್ದರೆ, ಮಾಲು ತಲುಪಿದ ದಿನವೇ ಒಪ್ಪಿಕೊಂಡಂತೆ. ಐದು ತಿಂಗಳ ನಂತರ ‘ರಿಜೆಕ್ಷನ್ ಇತ್ತು’ ಎಂದು ಡೆಬಿಟ್ ನೋಟ್ ಕಳಿಸುವವರಿಗೆ ಉತ್ತರವೂ ಇದೇ.

ನಾಲ್ಕನೇ ಹೆಜ್ಜೆ: ವಸೂಲಿ

ಜಾಬ್ ವರ್ಕ್‌ನಲ್ಲಿ ಕಚ್ಚಾ ಮಾಲು ಬಹುಪಾಲು ಗಿರಾಕಿಯದೇ. ಆದ್ದರಿಂದ ನಮಗೆ ಜಿಎಸ್‌ಟಿಯಲ್ಲಿ ಹೂಡುವಳಿ ತೆರಿಗೆಯ ಜಮೆ ಹೆಚ್ಚು ಸಿಗುವುದಿಲ್ಲ. ತಿಂಗಳಿಗೆ ₹5 ಲಕ್ಷದ ಬಿಲ್ ಮಾಡಿ, ಶೇ 18ರ ದರದಲ್ಲಿ ₹90,000 ತೆರಿಗೆ ಹಾಕಿದಿರಿ ಎಂದುಕೊಳ್ಳಿ. ಗಿರಾಕಿ ಹಣ ಕೊಡಲಿ ಬಿಡಲಿ, ಮುಂದಿನ ತಿಂಗಳ 20ರೊಳಗೆ ಅದನ್ನು ಕಟ್ಟಬೇಕು. 90 ದಿನದ ಬಾಕಿ ಎಂದರೆ ₹15 ಲಕ್ಷದ ನಿಮ್ಮ ದುಡಿಮೆ ಹೊರಗಿದೆ. ಅದರ ಮೇಲೆ ಸುಮಾರು ₹2.7 ಲಕ್ಷ ತೆರಿಗೆಯನ್ನೂ ನಿಮ್ಮ ಜೇಬಿನಿಂದ ಕಟ್ಟಿ ಕೂತಿದ್ದೀರಿ. ನಷ್ಟದ ಒಂದು ಆರ್ಡರನ್ನು ತಡೆದುಕೊಳ್ಳಬಹುದು, ಇದನ್ನು ತಡೆದುಕೊಳ್ಳುವುದು ಕಷ್ಟ.

ವಸೂಲಿಗೆ ವಾರದಲ್ಲಿ ಒಂದು ದಿನ ಮೀಸಲಿಡಿ. ಬಾಕಿ ಪಟ್ಟಿಯನ್ನು 45 ದಿನದೊಳಗಿನದು, 45 ದಿನ ದಾಟಿದ್ದು, 90 ದಿನ ದಾಟಿದ್ದು ಎಂದು ವಿಂಗಡಿಸಿ. ಗಡುವು ದಾಟುವವರೆಗೆ ಕಾಯಬೇಡಿ. ಹತ್ತು ದಿನ ಮೊದಲೇ ಅಕೌಂಟ್ಸ್ ವಿಭಾಗಕ್ಕೆ ಫೋನ್ ಮಾಡಿ, ‘ಸರ್, ನಮ್ಮ ಬಿಲ್ ಸಿಸ್ಟಂಗೆ ಹತ್ತಿದೆಯಾ? ಜಿಆರ್‌ಎನ್ (ಮಾಲು ಸ್ವೀಕೃತಿ ದಾಖಲೆ) ಆಗಿದೆಯಾ?’ ಎಂದು ಕೇಳಿ. ಅರ್ಧಕ್ಕರ್ಧ ಬಿಲ್‌ಗಳು ತಡವಾಗುವುದು ದುರುದ್ದೇಶದಿಂದಲ್ಲ. ಪಿಒ ಸಂಖ್ಯೆ ತಪ್ಪಾಗಿರುತ್ತದೆ, ಸ್ಟೋರ್ಸ್‌ನಲ್ಲಿ ಎಂಟ್ರಿ ಆಗಿರುವುದಿಲ್ಲ. ಪರ್ಚೇಸ್‌ನವರ ಜೊತೆ ಎಷ್ಟು ಸ್ನೇಹವಿದ್ದರೂ ಹಣ ಬಿಡುಗಡೆ ಮಾಡುವವರು ಅಕೌಂಟ್ಸ್‌ನವರು. ಅವರ ಪರಿಚಯ ನಿಮಗಿರಲಿ. ಮರ್ಯಾದೆಯಿಂದ, ಬಿಡದೆ ಕೇಳಿ. ನಮ್ಮ ದುಡ್ಡು ಕೇಳಲು ನಾಚಿಕೆಪಡುವ ಸ್ವಭಾವ ನಮ್ಮಲ್ಲಿ ಬಹಳ ಜನಕ್ಕಿದೆ. ಆ ನಾಚಿಕೆಯ ಬೆಲೆಯನ್ನು ಕೊನೆಗೆ ತೆರುವವರು ಸಂಬಳಕ್ಕೆ ಕಾಯುವ ಹುಡುಗರು.

ಇದಕ್ಕೆ ಕಾನೂನಿನ ಬೆಂಬಲವೂ ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಸರಕು, ಸೇವೆ ಪಡೆದವರು ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ಒಪ್ಪಂದ ಇದ್ದರೂ ಅವಧಿ 45 ದಿನ ಮೀರುವಂತಿಲ್ಲ. ‘90 ದಿನ’ ಎಂದು ಪಿಒದಲ್ಲಿ ಅಚ್ಚಾಗಿದ್ದರೂ ಕಾನೂನಿನ ಮಿತಿ 45 ದಿನವೇ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಕೂಡುವ ಚಕ್ರಬಡ್ಡಿ ಕೊಡಬೇಕಾಗುತ್ತದೆ.

ಇದರ ಲಾಭ ಸಿಗಲು ಉದ್ಯಮ್ ನೋಂದಣಿ ಬೇಕು. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿ ಪೂರ್ತಿ ಉಚಿತ. ಸರ್ಕಾರದ ಪೋರ್ಟಲ್‌ನಲ್ಲಿ ಆಧಾರ್, ಪ್ಯಾನ್ ಇಟ್ಟುಕೊಂಡು ನೀವೇ ಮಾಡಿಕೊಳ್ಳಬಹುದು. ದುಡ್ಡು ಕೇಳುವ ಮಧ್ಯವರ್ತಿಗಳ ಬಳಿ ಹೋಗಬೇಡಿ. ಮೊದಲ ಬಿಲ್‌ಗಿಂತ ಮುಂಚೆಯೇ ಮಾಡಿಸಿ. ಮಾಲು ಕೊಟ್ಟ ಮೇಲೆ ನೋಂದಾಯಿಸಿದರೆ ಹಳೆಯ ಬಿಲ್‌ಗಳ ಬಗ್ಗೆ ವಿವಾದ ಏಳುತ್ತದೆ. ಕೇವಲ ಕೊಂಡು ಮಾರುವ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಇದ್ದರೂ ಈ ಬಾಕಿ ವಸೂಲಿಯ ರಕ್ಷಣೆ ಇಲ್ಲ ಎಂಬುದೂ ಗೊತ್ತಿರಲಿ. ಪ್ರತಿ ಬಿಲ್ ಮೇಲೆ ಉದ್ಯಮ್ ಸಂಖ್ಯೆ ಅಚ್ಚು ಹಾಕಿಸಿ.

ಆದಾಯ ತೆರಿಗೆಯಲ್ಲೂ ಒಂದು ಬಿಗಿ ಬಂದಿದೆ. ಸೂಕ್ಷ್ಮ, ಸಣ್ಣ ಉದ್ಯಮಗಳ ಬಿಲ್‌ಗೆ ಕಾನೂನಿನ ಅವಧಿಯೊಳಗೆ ಹಣ ಕೊಡದಿದ್ದರೆ, ಕೊಟ್ಟ ವರ್ಷದಲ್ಲಷ್ಟೇ ಗಿರಾಕಿ ಅದನ್ನು ತನ್ನ ಖರ್ಚಿಗೆ ಹಾಕಿಕೊಳ್ಳಬಹುದು. 2023–24ರ ಹಣಕಾಸು ವರ್ಷದಿಂದ ಇದು ಅನ್ವಯ. ಹಾಗಾಗಿ ಫೆಬ್ರುವರಿ ಕೊನೆಯಲ್ಲಿ, ಬಾಕಿ ಪಟ್ಟಿ ಮತ್ತು ಉದ್ಯಮ್ ಪ್ರಮಾಣಪತ್ರ ಲಗತ್ತಿಸಿ ಪ್ರತಿ ಗಿರಾಕಿಯ ಅಕೌಂಟ್ಸ್‌ಗೆ ಪತ್ರ ಹೋಗಲಿ. ಮಾರ್ಚ್ 31ರ ಮೊದಲು ಬಾಕಿ ತೀರಿಸಲು ಅವರಿಗೂ ಕಾರಣ ಇರುತ್ತದೆ. ಉದ್ಯಮ್ ನೋಂದಣಿ ರದ್ದು ಮಾಡಿಸಿಕೊಳ್ಳಿ ಎಂದು ಯಾರಾದರೂ ಕೇಳಿದರೆ ಒಪ್ಪಬೇಡಿ.

ದೊಡ್ಡ ಕಂಪನಿಗಳ ಬಿಲ್‌ಗೆ ಇನ್ನೊಂದು ದಾರಿ ಟ್ರೆಡ್ಸ್ ಎಂಬ ಆನ್‌ಲೈನ್ ಬಿಲ್ ವೇದಿಕೆಗಳು. ವಾರ್ಷಿಕ ವಹಿವಾಟು ₹250 ಕೋಟಿ ದಾಟಿದ ಕಂಪನಿಗಳು ಈ ವೇದಿಕೆಗಳಲ್ಲಿ ನೋಂದಾಯಿಸಿಕೊಳ್ಳುವುದು ಕಡ್ಡಾಯ. ಗಿರಾಕಿ ಅಲ್ಲಿ ಬಿಲ್ ಒಪ್ಪಿಕೊಂಡರೆ ಬ್ಯಾಂಕುಗಳು ಪೈಪೋಟಿಯ ಮೇಲೆ ಸ್ವಲ್ಪ ಬಡ್ಡಿ ಮುರಿದುಕೊಂಡು ನಿಮಗೆ ಮೊದಲೇ ಹಣ ಕೊಡುತ್ತವೆ. ಗಿರಾಕಿ ಕೊನೆಗೆ ಹಣ ಕೊಡದಿದ್ದರೂ ಬ್ಯಾಂಕ್ ನಿಮ್ಮನ್ನು ಕೇಳುವಂತಿಲ್ಲ.

ಎಲ್ಲ ಮುಗಿದು ಬಾಕಿ ಉಳಿದೇ ಉಳಿದರೆ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಕೊಡಿ. ಅದು ರಾಜ್ಯದ ಸೌಲಭ್ಯ ಮಂಡಳಿಗೆ ಹೋಗುತ್ತದೆ. ಮೊದಲು ರಾಜಿ, ಆಗದಿದ್ದರೆ ಮಧ್ಯಸ್ಥಿಕೆಯ ತೀರ್ಪು. ತೀರ್ಪನ್ನು ಗಿರಾಕಿ ಕೋರ್ಟಿನಲ್ಲಿ ಪ್ರಶ್ನಿಸಬೇಕಾದರೆ ಮೊತ್ತದ ಶೇ 75 ಠೇವಣಿ ಇಡಲೇಬೇಕು. ದೂರು ಕೊಟ್ಟ ಮೇಲೆ ಆ ಗಿರಾಕಿಯ ಆರ್ಡರ್ ನಿಲ್ಲಬಹುದು ಎಂಬ ಭಯ ನಿಜವಾದದ್ದೇ. ನನ್ನ ಅಭಿಪ್ರಾಯ ಇಷ್ಟು: ಆರು ತಿಂಗಳು ಹಣ ಕೊಡದವರ ಆರ್ಡರ್ ನಿಂತರೆ ನಿಮ್ಮ ಹೊರೆ ಇಳಿಯಿತು. ಹೇಗೆ ಮುಂದುವರಿಯಬೇಕು ಎಂದು ತಿಳಿಯದಿದ್ದರೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲೋ ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾ ಕಚೇರಿಯಲ್ಲೋ ವಿಚಾರಿಸಿ.

ಐದನೇ ಹೆಜ್ಜೆ: ಒಬ್ಬನೇ ಗಿರಾಕಿಯ ನೆರಳಲ್ಲಿ ಬೆಳೆಯಬೇಡಿ

ಬೆಂಗಳೂರಿನ ಸಣ್ಣ ಕೈಗಾರಿಕೆ ಬೆಳೆದದ್ದು ಸಾರ್ವಜನಿಕ ಉದ್ದಿಮೆಗಳ ಆಸರೆಯಲ್ಲಿ. 1953ರಲ್ಲಿ ಶುರುವಾದ ಎಚ್‌ಎಂಟಿ, ಜೊತೆಗೆ ಬಿಇಎಲ್, ಎಚ್‌ಎಎಲ್ ಬಿಡಿಭಾಗಗಳ ಕೆಲಸ ಹೊರಗೆ ಕೊಟ್ಟವು. ಅಲ್ಲಿ ಪಳಗಿದವರು ಹೊರಗೆ ಬಂದು ಶೆಡ್ ಹಾಕಿದರು. ಎಚ್‌ಎಂಟಿ ಸೊರಗುತ್ತಾ ಹೋದಾಗ, ಅದನ್ನೇ ನೆಚ್ಚಿದ್ದವರೂ ಅದರ ಜೊತೆಗೇ ಸೊರಗಿದರು. ಅದರ ಕೈಗಡಿಯಾರ ಕಂಪನಿಯನ್ನು ಮುಚ್ಚುವ ತೀರ್ಮಾನವೂ 2016ರಲ್ಲಿ ಆಯಿತು. ಅಷ್ಟು ದೊಡ್ಡ ಹೆಸರಿಗೇ ಹೀಗಾಗುವುದಾದರೆ ಯಾವ ಗಿರಾಕಿಯೂ ಶಾಶ್ವತವಲ್ಲ.

ಯಾವ ಒಬ್ಬ ಗಿರಾಕಿಯ ಪಾಲೂ ನಿಮ್ಮ ವಹಿವಾಟಿನ ಮೂರನೇ ಒಂದು ಭಾಗ ದಾಟದಂತೆ ನೋಡಿಕೊಳ್ಳಿ. ಗಿರಾಕಿಗಳು ಒಂದೇ ಉದ್ಯಮದವರೂ ಆಗದಿರಲಿ. ಎಲ್ಲರೂ ಆಟೊಮೊಬೈಲ್‌ನವರಾದರೆ ವಾಹನ ಮಾರಾಟ ಬಿದ್ದ ತಿಂಗಳು ಎಲ್ಲರ ಆರ್ಡರೂ ಒಟ್ಟಿಗೆ ನಿಲ್ಲುತ್ತದೆ. ಪಂಪು, ವೈದ್ಯಕೀಯ ಉಪಕರಣ, ಆಹಾರ ಪ್ಯಾಕಿಂಗ್ ಯಂತ್ರ, ರಕ್ಷಣೆ, ಹೀಗೆ ಒಂದೆರಡು ಬೇರೆ ದಿಕ್ಕಿನವರು ಇರಲಿ.

ಆರನೇ ಹೆಜ್ಜೆ: ಸಾಲ ಮತ್ತು ಆಪದ್ಧನ

ಮಷಿನ್‌ಗೆ ಅವಧಿ ಸಾಲ, ದಿನನಿತ್ಯದ ಓಡಾಟಕ್ಕೆ ಓಡಿ (ಓವರ್‌ಡ್ರಾಫ್ಟ್). ಇವೆರಡನ್ನು ಅದಲುಬದಲು ಮಾಡಬೇಡಿ. ಓಡಿ ಹಣದಲ್ಲಿ ಮಷಿನ್ ಕೊಂಡರೆ ಸಂಬಳಕ್ಕೆ ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗಬೇಕಾಗುತ್ತದೆ. ಅಡ ಇಡಲು ಆಸ್ತಿ ಇಲ್ಲದವರು, 2000ದಲ್ಲಿ ಸ್ಥಾಪನೆಯಾದ ಸರ್ಕಾರದ ಸಾಲ ಖಾತರಿ ನಿಧಿ ಸಿಜಿಟಿಎಂಎಸ್‌ಇಯ ಖಾತರಿಯಲ್ಲಿ ಸಾಲ ಕೊಡಿ ಎಂದು ಬ್ಯಾಂಕಿನಲ್ಲಿ ಹೆಸರು ಹಿಡಿದೇ ಕೇಳಿ.

2016ರ ನವೆಂಬರ್‌ನ ನೋಟು ರದ್ದತಿ, 2017ರ ಜುಲೈನ ಜಿಎಸ್‌ಟಿ, 2020ರ ಮಾರ್ಚ್‌ನ ಲಾಕ್‌ಡೌನ್. ನಾಲ್ಕು ವರ್ಷದೊಳಗೆ ಮೂರು ಸಲ ಕೆಲಸ ನಿಂತದ್ದನ್ನು ನಾವು ನೋಡಿದ್ದೇವೆ. ಮೂರು ತಿಂಗಳ ಸಂಬಳ, ಬಾಡಿಗೆ, ಕಂತು ಕಟ್ಟುವಷ್ಟು ಹಣ ಬೇರೆ ಠೇವಣಿಯಲ್ಲಿರಲಿ. ಹೊಸ ಮಷಿನ್‌ಗೆ ಮುಂಗಡ ಕಟ್ಟುವ ಮೊದಲು ಈ ಠೇವಣಿ ತುಂಬಲಿ.

ಏಳನೇ ಹೆಜ್ಜೆ: ಕೆಲಸಗಾರರು

ಇಲ್ಲಿ ಮಾತು ಚಿಕ್ಕದು. ಸಂಬಳ ಹೇಳಿದ ದಿನ ಕೊಡಿ. ಹತ್ತು ಜನ ಆದ ಕೂಡಲೇ ಇಎಸ್‌ಐ, ಇಪ್ಪತ್ತು ಆದಾಗ ಪಿಎಫ್, ಯಾರೂ ಕೇಳುವ ಮೊದಲೇ ಮಾಡಿಸಿ. ಆಯುಧಪೂಜೆಗೆ ಬೋನಸ್ ತಪ್ಪಿಸಬೇಡಿ. ಸೆಟ್ಟಿಂಗ್ ಬಲ್ಲವರು ಒಬ್ಬರೇ ಇದ್ದರೆ ಸಾಲದು, ಇನ್ನೊಬ್ಬರಿಗೆ ಕಲಿಸಿ. ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಲ್ಲಿ (ಜಿಟಿಟಿಸಿ) ಕಲಿತು ಬಂದವರನ್ನು ತೆಗೆದುಕೊಂಡು ಪಳಗಿಸಿದರೆ, ಡ್ರಾಯಿಂಗ್ ಓದಬಲ್ಲ ಕೈಗಳು ಸಿಗುತ್ತವೆ.

ಎಂಟನೇ ಹೆಜ್ಜೆ: ನೀವಿಲ್ಲದ ದಿನಕ್ಕೂ ಸಿದ್ಧತೆ

ನಮ್ಮಲ್ಲಿ ಹೆಚ್ಚಿನವು ಒಬ್ಬರೇ ಮಾಲೀಕರ ಸಂಸ್ಥೆಗಳು. ಮಾಲೀಕರು ಹಠಾತ್ ತೀರಿಕೊಂಡರೆ ಖಾತೆಯ ವ್ಯವಹಾರ ನಿಲ್ಲುತ್ತದೆ, ಜಿಎಸ್‌ಟಿ ನೋಂದಣಿಯನ್ನು ವಾರಸುದಾರರು ಹೊಸದಾಗಿ ಮಾಡಿಸಬೇಕಾಗುತ್ತದೆ. ಹೊರಗಿರುವ ಬಾಕಿ ಎಷ್ಟು ಎಂದು ಮನೆಯವರಿಗೆ ತಿಳಿದೇ ಇರುವುದಿಲ್ಲ, ಗಿರಾಕಿಗಳು ತಾವಾಗಿ ಹೇಳುವುದೂ ಅಪರೂಪ. ಮಗನೋ ಮಗಳೋ ಆಸಕ್ತಿಯಿಂದ ಬಂದರೆ ಪಾಲುದಾರಿಕೆ ಪತ್ರ ಮಾಡಿಸಿ. ಬರದಿದ್ದರೆ, ಆರೋಗ್ಯ ಗಟ್ಟಿ ಇರುವಾಗಲೇ ಹಿರಿಯ ಕೆಲಸಗಾರರಿಗೋ ಹೊರಗಿನವರಿಗೋ ಮಾರುವ ಮಾತು ಶುರು ಮಾಡಿ. ಓಡುತ್ತಿರುವ ಶೆಡ್‌ಗೆ ಸಿಗುವ ಬೆಲೆ ಬೀಗ ಹಾಕಿದ ಶೆಡ್‌ನ ಮಷಿನ್‌ಗಳಿಗೆ ಸಿಗುವುದಿಲ್ಲ.

ಎಲ್ಲ ಖಾತೆಗಳಿಗೂ ನಾಮಿನಿ ಹೆಸರು ಹಾಕಿಸಿ. ಬಾಡಿಗೆ ಕರಾರು, ಸಾಲದ ಕಾಗದ, ಮಷಿನ್ ಬಿಲ್, ವಿಮೆ, ಉದ್ಯಮ್ ಮತ್ತು ಜಿಎಸ್‌ಟಿ ಪ್ರಮಾಣಪತ್ರ, ಸಿಎ ಅವರ ಫೋನ್ ನಂಬರ್ ಎಲ್ಲವನ್ನೂ ಒಂದೇ ಫೈಲ್‌ನಲ್ಲಿಟ್ಟು ಮನೆಯವರಿಗೆ ತೋರಿಸಿ. ಪ್ರತಿ ವಾರದ ಬಾಕಿ ಪಟ್ಟಿಯ ಒಂದು ಪ್ರತಿಯೂ ಅದರಲ್ಲಿರಲಿ.