ಬಿರುಸಿನ ಮೇಸ್ತ್ರಿ ಮತ್ತು ಗುಳೆ ಹೋದವರ ಲೆಕ್ಕ: ಕೂಲಿ ಕುಟುಂಬಗಳು ಅನುಸರಿಸಬೇಕಾದ ಕ್ರಮ

ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ದೇವನಕೊಂಡ, ಪತ್ತಿಕೊಂಡ, ಆಲೂರು, ಆದೋನಿ, ಕೋಸಿಗಿ ಮೊದಲಾದ ಮಂಡಲಗಳಲ್ಲಿ ಬೇಸಾಯವು ಬಹುಪಾಲು ಮಳೆಯನ್ನೇ ನಂಬಿರುವುದರಿಂದ, ಮುಂಗಾರಿನ ಬೆಳೆ ಕೈಸೇರಿದ ಮೇಲೆ ಅಥವಾ ಕೈಕೊಟ್ಟ ಮೇಲೆ ಕೂಲಿ ಕುಟುಂಬಗಳು ಗುಂಟೂರು ಸೀಮೆಯ ಮೆಣಸಿನಕಾಯಿ ಮತ್ತು ಹತ್ತಿಯ ಹೊಲಗಳಿಗೆ, ಬೆಂಗಳೂರು ಹಾಗೂ ಹೈದರಾಬಾದಿನ ಕಟ್ಟಡ ಕೆಲಸಗಳಿಗೆ ಗುಳೆ ಹೋಗುವುದು ವರ್ಷವರ್ಷದ ಸಂಗತಿಯಾಗಿದೆ. ಈ ದುಡಿಮೆಯಲ್ಲಿ ಕೂಲಿಕಾರರಿಗೂ ಹೊಲದ ಒಡೆಯನಿಗೂ ನಡುವೆ ನಿಲ್ಲುವವನು ಮೇಸ್ತ್ರಿ. ಆಳುಗಳನ್ನು ಕೂಡಿಸುವವನು, ಮುಂಗಡ ಹಂಚುವವನು, ಗಾಡಿ ಗೊತ್ತುಮಾಡುವವನು, ಹಾಜರಿ ಹಿಡಿಯುವವನು, ಕೊನೆಗೆ ಬಟವಾಡೆ ಮಾಡುವವನು ಎಲ್ಲವೂ ಅವನೇ ಆಗಿರುತ್ತಾನೆ. ಆತ ಹಲವು ಸಲ ಅದೇ ಊರಿನವನೂ ದೂರದ ನೆಂಟನೂ ಆಗಿರುವುದರಿಂದ ಅವನ ಬೈಗುಳವನ್ನು ಮನೆಮಾತಿನಂತೆ ನುಂಗಿಕೊಳ್ಳುವ ರೂಢಿ ಬೆಳೆದಿದೆ. ಆದರೆ ಮೇಸ್ತ್ರಿಯ ಬಿರುಸನ್ನು ಬರಿಯ ಸ್ವಭಾವದ ದೋಷವೆಂದು ತಿಳಿದು ತಾಳ್ಮೆಯನ್ನೇ ಮದ್ದಾಗಿ ಹೇಳುವುದು ಸಾಲದು. ಅವನ ಮಾತಿಗೆ ಬಲ ಬರುವುದು ಕೂಲಿಕಾರರು ಪಡೆದ ಮುಂಗಡದಿಂದ, ಮತ್ತು ಲೆಕ್ಕದ ಪುಸ್ತಕವು ಅವನೊಬ್ಬನ ಕೈಯಲ್ಲಿ ಇರುವುದರಿಂದ. ಆದ್ದರಿಂದ ಅವನನ್ನು ನಿಭಾಯಿಸುವ ಕೆಲಸ ಹೊಲದಲ್ಲಿ ಅಲ್ಲ, ಊರು ಬಿಡುವ ಮೊದಲೇ ಶುರುವಾಗಬೇಕು.

ಹೊರಡುವ ಮುನ್ನ

ಮುಂಗಡ ಪಡೆಯುವ ದಿನವೇ ಐದು ಸಂಗತಿಗಳು ಕಾಗದಕ್ಕೆ ಇಳಿಯಬೇಕು: ಮುಂಗಡದ ಮೊತ್ತ ಮತ್ತು ಅದನ್ನು ಪಡೆದ ತಾರೀಖು, ಕೆಲಸ ನಡೆಯುವ ಊರು ಮತ್ತು ಹೊಲದ ಅಥವಾ ಕಟ್ಟಡದ ಮಾಲೀಕನ ಹೆಸರು, ಕೂಲಿಯ ದರ, ಹೋಗಿಬರುವ ಖರ್ಚು ಯಾರದೆಂಬುದು, ಮತ್ತು ಯಾವ ತಾರೀಖಿಗೆ ಮರಳುವುದೆಂಬುದು. ಕೂಲಿಯ ದರವನ್ನು ಬರೆಯುವಾಗ ಅದು ದಿನಗೂಲಿಯೋ, ಬಿಡಿಸಿದ ಹತ್ತಿಗೆ ಕಿಲೋ ಲೆಕ್ಕದ ಕೂಲಿಯೋ, ಅಥವಾ ಇಡೀ ಹೊಲಕ್ಕೆ ಒಟ್ಟಾಗಿ ಗೊತ್ತುಮಾಡಿದ ಗುತ್ತಿಗೆಯೋ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ಜಗಳಗಳಲ್ಲಿ ಬಹಳಷ್ಟು ಹುಟ್ಟುವುದು ಈ ಮೂರರ ಗೊಂದಲದಿಂದಲೇ. ಮೇಸ್ತ್ರಿ ಸಹಿ ಹಾಕಲು ಒಪ್ಪದಿದ್ದರೆ, ಗುಂಪಿನವರೆಲ್ಲ ಕುಳಿತಿರುವಾಗ ಅದೇ ಮಾತುಗಳನ್ನು ಅವನ ಬಾಯಿಂದ ಹೇಳಿಸಿ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಬಹುದು, ಅಥವಾ ಅವನ ಫೋನಿಗೆ ಆ ವಿವರಗಳನ್ನು ಸಂದೇಶವಾಗಿ ಕಳುಹಿಸಿ ಅದನ್ನು ಅಳಿಸದೆ ಇಟ್ಟುಕೊಳ್ಳಬಹುದು. ಆ ಚೀಟಿಯ ಒಂದು ಪ್ರತಿ ಊರಿನಲ್ಲಿ ಉಳಿಯುವ ಹಿರಿಯರ ಕೈಯಲ್ಲಿ ಇರಲೇಬೇಕು. ಮುಂದೆ ದೂರು ಕೊಡಬೇಕಾಗಿ ಬಂದರೆ ಮೊದಲು ಕಚೇರಿಗೆ ಹೋಗುವವರು ಅವರೇ. ಅಸಂಘಟಿತ ಕಾರ್ಮಿಕರ ಹೆಸರನ್ನು ದಾಖಲಿಸಲು ಕೇಂದ್ರ ಸರ್ಕಾರ 2021ರ ಆಗಸ್ಟ್ 26ರಂದು ಆರಂಭಿಸಿದ ಇ-ಶ್ರಮ್ ನೋಂದಣಿಯನ್ನೂ ಹೊರಡುವ ಮೊದಲೇ ಮುಗಿಸಿಕೊಂಡರೆ, ತಾನು ಕಾರ್ಮಿಕನೆಂದು ತೋರಿಸಲು ಒಂದು ಗುರುತು ಕೈಯಲ್ಲಿರುತ್ತದೆ.

ಹೊಲದಲ್ಲಿ ಎರಡನೆಯ ಲೆಕ್ಕ

ಕೆಲಸ ಶುರುವಾದ ಮೊದಲ ದಿನದಿಂದಲೇ ಗುಂಪಿಗೆ ತನ್ನದೇ ಆದ ಒಂದು ಪುಸ್ತಕ ಇರಬೇಕು. ಶಾಲೆಗೆ ಹೋದ ಒಬ್ಬ ಯುವಕ ಅಥವಾ ಯುವತಿ ದಿನವೂ ಸಂಜೆ ತಾರೀಖು, ಕೆಲಸ ಮಾಡಿದವರ ಹೆಸರು, ಹತ್ತಿಯಾದರೆ ತಲೆಗೆ ಎಷ್ಟು ಕಿಲೋ ಎಂಬುದು, ಆ ದಿನ ಖರ್ಚಿಗೆಂದು ಪಡೆದ ಹಣ, ಇಷ್ಟನ್ನು ಬರೆದರೆ ಸಾಕು. ತೂಕದ ಕೂಲಿಯಲ್ಲಿ ತಕ್ಕಡಿಯ ಹತ್ತಿರ ಗುಂಪಿನ ಒಬ್ಬರು ನಿಂತು ಅಂಕಿಯನ್ನು ಗಟ್ಟಿಯಾಗಿ ಓದುವುದು ಒಳ್ಳೆಯದು. ಇಬ್ಬನಿಯ ತೇವಕ್ಕೆಂದೋ ಕಸಕ್ಕೆಂದೋ ಕಿಲೋಗಳನ್ನು ಕಡಿಯುವುದಾದರೆ ಎಷ್ಟು ಕಡಿದರೆಂಬುದನ್ನೂ ಬೇರೆಯಾಗಿ ಬರೆದಿಡಬೇಕು. ವಾರಕ್ಕೊಮ್ಮೆ ಈ ಪುಸ್ತಕವನ್ನು ಮೇಸ್ತ್ರಿಯ ಪುಸ್ತಕದ ಜೊತೆ ತಾಳೆನೋಡಲು ಕೇಳಿದರೆ ಅದು ಅನುಮಾನವಾಗಿ ಅಲ್ಲ, ರೂಢಿಯಾಗಿ ಕಾಣುತ್ತದೆ. ತಿಂಗಳುಗಟ್ಟಲೆ ಸುಮ್ಮನಿದ್ದು ಕೊನೆಯ ದಿನ ಕೇಳಿದರೆ ಮಾತ್ರ ಅದು ಜಗಳವಾಗುತ್ತದೆ. ಎರಡನೆಯ ಲೆಕ್ಕವೊಂದು ಇದೆಯೆಂದು ಗೊತ್ತಾದ ಮೇಲೆ ಹಾಜರಿ ತಪ್ಪಿಸುವುದಾಗಿ ಹೆದರಿಸುವ ಮಾತಿಗೆ ಮೊದಲಿನ ಬಲ ಉಳಿಯುವುದಿಲ್ಲ.

ಮಾತು ಮತ್ತು ಮೈ

ಬಿರುಸಿನ ಮೇಸ್ತ್ರಿಯ ಜೊತೆ ಮಾತನಾಡಲು ಅತ್ಯಂತ ಕೆಟ್ಟ ಹೊತ್ತು ಎಂದರೆ ಅವನು ಕೂಗುತ್ತಿರುವ ಹೊತ್ತು. ಆಗ ಮಾಲೀಕನ ಮುಂದೆ ತನ್ನ ಹಿಡಿತವನ್ನು ತೋರಿಸಬೇಕಾದ ಒತ್ತಡ ಅವನ ಮೇಲೂ ಇರುತ್ತದೆ. ಗೊತ್ತಾದ ದಿನಕ್ಕೆ ಹೊಲ ಮುಗಿಸದಿದ್ದರೆ ಅವನ ಕಮಿಷನ್ನಿಗೂ ಕುತ್ತು ಬರುತ್ತದೆ. ಈ ಒತ್ತಡವನ್ನು ಅರಿತುಕೊಳ್ಳುವುದು ಅವನ ತಪ್ಪನ್ನು ಮನ್ನಿಸುವುದಕ್ಕಲ್ಲ, ಯಾವ ಬೇಡಿಕೆಯನ್ನು ಅವನು ಈಡೇರಿಸಬಲ್ಲ ಎಂದು ಅಳೆಯುವುದಕ್ಕೆ. ಸಂಜೆ ಲೆಕ್ಕ ಮುಗಿದ ಮೇಲೆ ಇಬ್ಬರು ಅಥವಾ ಮೂವರು, ಅವರಲ್ಲಿ ಒಬ್ಬ ಹೆಣ್ಣುಮಗಳು ಇರುವಂತೆ, ಅವನಲ್ಲಿಗೆ ಹೋಗಿ ಒಂದೇ ಒಂದು ಬೇಡಿಕೆಯನ್ನು ಖಚಿತವಾದ ಮಾತಿನಲ್ಲಿ ಇಡಬೇಕು. “ಸರಿಯಾಗಿ ನಡೆಸಿಕೊಳ್ಳಿ” ಎಂಬುದು ಬೇಡಿಕೆಯಾಗುವುದಿಲ್ಲ. “ಅಣ್ಣ, ನಾಳೆಯಿಂದ ಬೆಳಗ್ಗೆ ಒಂದು ಗಂಟೆ ಮೊದಲು ಹೊಲಕ್ಕೆ ಇಳಿಯುತ್ತೇವೆ, ಮಧ್ಯಾಹ್ನ ಬಿಸಿಲಿನಲ್ಲಿ ಒಂದು ಗಂಟೆ ನೆರಳಿಗೆ ಬಿಡಬೇಕು” ಎಂಬುದು ಆಗುತ್ತದೆ, ಏಕೆಂದರೆ ಅದರಲ್ಲಿ ಕೆಲಸದ ಮೊತ್ತ ಹೆಚ್ಚು ಕಡಿಮೆಯಾಗುವುದಿಲ್ಲ. ಮುದುಕರು, ಬಸುರಿಯರು, ಎಳೆಯ ಮಕ್ಕಳ ತಾಯಂದಿರು ಒಬ್ಬೊಬ್ಬರಾಗಿ ರಿಯಾಯಿತಿ ಕೇಳಿದರೆ ಮೈಗಳ್ಳರೆಂಬ ಹೆಸರು ಬರುತ್ತದೆ. ಅವರ ಪರವಾಗಿ ಗುಂಪೇ ಕೇಳಬೇಕು.

ಮೈಯ ರಕ್ಷಣೆಯ ವಿಷಯದಲ್ಲಿ ಮಾತ್ರ ಯಾರ ಒಪ್ಪಿಗೆಗೂ ಕಾಯಬಾರದು. ಬಿಸಿಲಿನ ಕೆಲಸದಲ್ಲಿ ಬಾಯಾರಿಕೆ ಆಗುವವರೆಗೆ ತಡೆಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟದಷ್ಟು ನೀರು ಕುಡಿಯಬೇಕು. ಕೆಲಸದಲ್ಲಿರುವವರು ತಡವರಿಸಿ ಮಾತನಾಡತೊಡಗಿದರೆ, ಗೊಂದಲಗೊಂಡರೆ, ಮೈ ಕಾದು ಕುಸಿದರೆ ಅದು ಸುಸ್ತಲ್ಲ, ಬಿಸಿಲಾಘಾತ, ಎಂದರೆ ದೇಹವು ತನ್ನ ಶಾಖವನ್ನು ತಗ್ಗಿಸಿಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡ ಸ್ಥಿತಿ. ಕೂಡಲೇ ನೆರಳಿಗೆ ಒಯ್ದು, ಮೈಯನ್ನು ನೀರಿನಿಂದ ತೋಯಿಸಿ, ಗಾಳಿ ಬೀಸುತ್ತ 108ಕ್ಕೆ ಕರೆಮಾಡಬೇಕು. ಮೆಣಸಿನಕಾಯಿ ಬಿಡಿಸುವವರ ಕೈ ಉರಿಗೆ ಬರಿಯ ನೀರು ಸಾಲದು. ಉರಿಯ ಅಂಶವು ಎಣ್ಣೆಯಲ್ಲಿ ಕರಗುವಂಥದ್ದಾದ್ದರಿಂದ ಮೊದಲು ಎಣ್ಣೆ ಉಜ್ಜಿ ಆಮೇಲೆ ಸೋಪಿನಿಂದ ತೊಳೆಯಬೇಕು.

ಗೆರೆ ದಾಟಿದಾಗ

ಅವಸರಪಡಿಸುವುದು, ಏರುದನಿಯಲ್ಲಿ ಗದರಿಸುವುದು ಮಾತುಕತೆಯಿಂದ ತಗ್ಗಬಹುದಾದವು. ಆದರೆ ಕೆಲವು ನಡೆಗಳು ಮಾತುಕತೆಯ ಹೊರಗಿನವು, ಮತ್ತು ಅವನ್ನು ಗುರುತಿಸುವುದೇ ಇಲ್ಲಿನ ಅತಿ ಮುಖ್ಯ ಹಂತ. ಮೊದಲನೆಯದು, ಮುಂಗಡ ತೀರುವವರೆಗೆ ಊರಿಗೆ ಹೋಗಬಾರದೆಂದು ತಡೆಯುವುದು, ಆಧಾರ್ ಅಥವಾ ಫೋನನ್ನು ಕಿತ್ತಿಟ್ಟುಕೊಳ್ಳುವುದು, ಬೇರೆ ಕಡೆ ಕೆಲಸಕ್ಕೆ ಬಿಡದಿರುವುದು. ಸಾಲ ಅಥವಾ ಮುಂಗಡದ ಕಾರಣಕ್ಕೆ ದುಡಿಮೆಯ ಮತ್ತು ಓಡಾಟದ ಸ್ವಾತಂತ್ರ್ಯವನ್ನು ಕಸಿಯುವುದಕ್ಕೆ ಕಾನೂನಿನಲ್ಲಿ ಜೀತವೆಂದೇ ಹೆಸರು. 1976ರ ಜೀತಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅಂಥ ಸಾಲ ತಾನಾಗಿಯೇ ರದ್ದಾಗುತ್ತದೆ, ಜೀತಕ್ಕೆ ಇಟ್ಟುಕೊಂಡವನಿಗೆ ಮೂರು ವರ್ಷದವರೆಗೆ ಸಜೆಯಾಗಬಹುದು, ಮತ್ತು ಅದು ಜೀತದ ಸಾಲವಲ್ಲವೆಂದು ಸಾಬೀತುಮಾಡುವ ಹೊಣೆ ಸಾಲ ಕೊಟ್ಟವನ ಮೇಲೆಯೇ ಇರುತ್ತದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾರ್ಮಿಕರ ಪ್ರಕರಣದಲ್ಲಿ ತೀರ್ಪು ನೀಡಿದೆ. ಹೀಗಿರುವಾಗ “ಹಣ ತಿಂದಿದ್ದೇವೆ, ಹೇಗೆ ಬಿಟ್ಟುಹೋಗುವುದು” ಎಂಬ ಅಂಜಿಕೆಗೆ ಕಾನೂನಿನ ಆಧಾರವಿಲ್ಲ. ಹಳ್ಳಿಯ ನ್ಯಾಯದ ಹೆಸರಿನಲ್ಲಿ ಆ ಅಂಜಿಕೆಯನ್ನು ಬಲಪಡಿಸುವ ಹಿರಿಯರು ಇದನ್ನು ತಿಳಿಯಬೇಕು.

ಎರಡನೆಯದು ಹೆಂಗಸರ ಮೇಲಿನ ಲೈಂಗಿಕ ಕಿರುಕುಳ. ಇದನ್ನು ತಡೆಯುವ 2013ರ ಕಾಯ್ದೆಯು ಕಚೇರಿಗಳಿಗೆ ಮಾತ್ರ ಸೀಮಿತವೆಂಬ ಭಾವನೆ ತಪ್ಪು; ಅಸಂಘಟಿತ ವಲಯದ ಹೆಣ್ಣುಮಕ್ಕಳಿಗಾಗಿ ಪ್ರತಿ ಜಿಲ್ಲೆಯಲ್ಲೂ ಸ್ಥಳೀಯ ಸಮಿತಿ ಇರಬೇಕೆಂದು ಅದು ವಿಧಿಸುತ್ತದೆ, ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು, ಬರೆಯಲು ಬಾರದವರಿಗೆ ಸಮಿತಿಯವರೇ ನೆರವಾಗಬೇಕು. ಮೂರನೆಯದು ಜಾತಿ ಹಿಡಿದು ಬೈಯುವುದು. ಪರಿಶಿಷ್ಟ ಜಾತಿ, ಪಂಗಡದವರನ್ನು ಆ ವರ್ಗಕ್ಕೆ ಸೇರದವರು ನಾಲ್ವರ ಎದುರು ಹಾಗೆ ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧವಾಗುತ್ತದೆ.

ದೂರು ಎಲ್ಲಿ, ಹೇಗೆ

ಕೂಲಿಯ ಬಾಕಿಯಷ್ಟೇ ಇದ್ದರೆ ಮೊದಲು ಹೊಲದ ಅಥವಾ ಕಟ್ಟಡದ ಮಾಲೀಕನ ಹತ್ತಿರ ಗುಂಪಾಗಿ ಹೋಗಿ ಪುಸ್ತಕ ತೋರಿಸಬೇಕು, ಏಕೆಂದರೆ ಮೇಸ್ತ್ರಿ ಪಡೆದು ತಲುಪಿಸದ ಹಣದ ವಿಷಯ ಮಾಲೀಕನಿಗೆ ಗೊತ್ತೇ ಇರದಿರಬಹುದು. ಅಲ್ಲಿ ಬಗೆಹರಿಯದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಂತೆ ಬಾಕಿ ಕೇಳಲು ಮೂರು ವರ್ಷದ ಅವಧಿ ಇದೆ. ಜೀತದ ಅಥವಾ ಬಂಧನದ ವಿಷಯವಾದರೆ ಕೆಲಸದ ಸ್ಥಳದ ತಹಶೀಲ್ದಾರರು, ಕಲೆಕ್ಟರರು, ಪೊಲೀಸರು ಇವರಲ್ಲಿ ಯಾರಿಗಾದರೂ ತಿಳಿಸಬಹುದು, ತುರ್ತಿಗೆ 112 ಇದೆ. ಅಲ್ಲಿರುವವರಿಗೆ ಹೊರಬರಲಾಗದಿದ್ದರೆ ಊರಿನಲ್ಲಿರುವ ಬಂಧುಗಳು ತಮ್ಮ ಊರಿನ ಠಾಣೆಯಲ್ಲೇ ದೂರು ದಾಖಲಿಸಬಹುದು: 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಪ್ರಕರಣವು, ಅಪರಾಧ ಬೇರೆ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಮಾಹಿತಿಯನ್ನು ದಾಖಲಿಸಿಕೊಳ್ಳಬೇಕೆನ್ನುತ್ತದೆ. ಆಂಧ್ರದ ಕಚೇರಿಗಳಿಗೆ ಅರ್ಜಿಯನ್ನು ತೆಲುಗಿನಲ್ಲೂ ಬೆಂಗಳೂರಿನಲ್ಲಾದರೆ ಕನ್ನಡದಲ್ಲೂ ಬರೆದರೆ ಕೆಲಸ ಬೇಗ ಸಾಗುತ್ತದೆ. ಎರಡೂ ಭಾಷೆ ಬಲ್ಲ ಗಡಿಭಾಗದವರಿಗೆ ಇದೊಂದು ಅನುಕೂಲವೇ. ಅರ್ಜಿಯಲ್ಲಿ ಕೋಪದ ಮಾತುಗಳಿಗಿಂತ ತಾರೀಖು, ಹೆಸರು, ಮೊತ್ತಗಳಿರಬೇಕು, ಮತ್ತು ಸ್ವೀಕೃತಿಯ ಮುದ್ರೆಯಿರುವ ಪ್ರತಿಯನ್ನು ಪಡೆಯದೆ ಕಚೇರಿಯಿಂದ ಹೊರಡಬಾರದು. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು ಹಾಗೂ ಬಿಟ್ಟಿದುಡಿಮೆಗೆ ಗುರಿಯಾದವರಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರ ನೆರವು ಸಿಗಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ; ಅದಕ್ಕೆ 15100ಕ್ಕೆ ಕರೆಮಾಡಬಹುದು.

ಓದುಬರಹ ಬಾರದ ಕುಟುಂಬಗಳಿಗೆ ಇದರಲ್ಲಿ ಅತಿ ಕಷ್ಟವಾದ ಹಂತ ಮೊದಲನೆಯದೇ, ಎಂದರೆ ಮುಂಗಡದ ಚೀಟಿ ಬರೆಯುವುದು. ಆದ್ದರಿಂದ ದೇವನಕೊಂಡ, ಆದೋನಿ ಸೀಮೆಯ ಕಾಲೇಜು ವಿದ್ಯಾರ್ಥಿಗಳು, ಶಿಕ್ಷಕರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮುಂಗಡ ಹಂಚುವ ದಿನಗಳಲ್ಲಿ ತಮ್ಮ ಓಣಿಯ ಗುಂಪುಗಳಿಗೆ ಆ ಒಂದು ಚೀಟಿಯನ್ನು ಬರೆದುಕೊಡಲು ಮುಂದಾಗಬೇಕು.