ಕ್ಯಾಸಲ್‌ರಾಕ್ ರೈಲು: ಒಂಬತ್ತನೆಯ ತರಗತಿಗೆ ಒಂದು ಪಾಠ

ಪೀಠಿಕೆ: ಎಚ್.ಡಿ. ಕೋಟೆಯಾಚೆ ಬಾವಲಿ ಗಡಿ ಮುಚ್ಚಿದರೆ ಯಾರಿಗೆ ನಷ್ಟ? ಕಟ್ಟೆಮಳಲವಾಡಿಯ ಮಕ್ಕಳಿಗೆ ಈ ಪ್ರಶ್ನೆ ಸುಲಭ. ಪಾಠ ಇಲ್ಲಿಂದ ಆರಂಭವಾಗಲಿ.

ನಿರೂಪಣೆ: 1878ರ ಆಂಗ್ಲೋ-ಪೋರ್ಚುಗೀಸ್ ಒಪ್ಪಂದದ ನಂತರ ಬ್ರಿಟಿಷ್ ಖಾಸಗಿ ಕಂಪನಿಯೊಂದು ಗೋವಾದ ಮರ್ಮಗೋವಾ ಬಂದರಿನಿಂದ ಉತ್ತರ ಕನ್ನಡದ ಕ್ಯಾಸಲ್‌ರಾಕ್‌ವರೆಗೆ ಸುಮಾರು 82 ಕಿ.ಮೀ. ಮೀಟರ್‌ಗೇಜ್ ಹಳಿ ಹಾಕಿತು. 1888ರಲ್ಲಿ ಅದು ಬ್ರಿಟಿಷ್ ಭಾರತದ ಹಳಿಗೆ ಕೂಡಿತು. ಬಂಡವಾಳದ ಬಡ್ಡಿಗೆ ಪೋರ್ಚುಗಲ್ ಸರ್ಕಾರದ ಖಾತರಿಯಿತ್ತು. ಸರಕು ಮಾತ್ರ ಗಡಿಯಾಚೆಯಿಂದ ಬರಬೇಕಿತ್ತು. 1955ರಲ್ಲಿ ಭಾರತ ಗಡಿ ಮುಚ್ಚಿದಾಗ ಗಡಿ ದಾಟುವ ರೈಲು ನಿಂತಿತು. 1961ರಲ್ಲಿ ಗೋವಾ ವಿಮೋಚನೆಯಾದ ಮೇಲೆ ಮಾರ್ಗ ಭಾರತೀಯ ರೈಲ್ವೆಯ ಪಾಲಾಯಿತು.

ಚಟುವಟಿಕೆ: ಒಂದು ಗುಂಪು ಬಂದರಿನ ಹಮಾಲರು, ಇನ್ನೊಂದು ಹುಬ್ಬಳ್ಳಿಯ ಹತ್ತಿ ವರ್ತಕರು. 1955ರಲ್ಲಿ ಇಬ್ಬರೂ ಏನು ಮಾಡಿಯಾರು? ಚರ್ಚಿಸಲಿ.

ಮೌಲ್ಯಮಾಪನ: ಹಳಿ ಇದ್ದೂ ರೈಲು ನಿಂತದ್ದೇಕೆ? ಇಸವಿಯಷ್ಟೇ ಹೇಳಿದರೆ ಸಾಲದು, ಕಾರಣವೂ ಬರಬೇಕು.