ಬೈಕಿನ ಹಿಂದಿನ ಲಿಂಕೇಜ್: ಮಳೆಗಾಲ ಮುಗಿದೊಡನೆ ಮಾಡಬೇಕಾದ ಕೆಲಸ

ತೋಟದ ದಾರಿಗೆ ನಾವು ಬಳಸುವ ಹಿಮಾಲಯನ್‌ನಂಥ ಬೈಕುಗಳಲ್ಲಿ ಹಿಂದಿನ ಶಾಕ್ ಅಬ್ಸಾರ್ಬರಿಗೆ ಲಿಂಕೇಜ್ ಇರುತ್ತದೆ. ಅದರ ಕೀಲುಗಳಲ್ಲಿ ಸಾಮಾನ್ಯವಾಗಿ ಸೂಜಿಯಂಥ ಸಣ್ಣ ರೋಲರುಗಳ ಬೇರಿಂಗ್ ಇರುತ್ತದೆ. ಕೆಸರುನೀರು ಒಳಹೊಕ್ಕರೆ ಗ್ರೀಸ್ ಕೆಟ್ಟು ತುಕ್ಕು ಹಿಡಿಯುತ್ತದೆ; ಕಡೆಗೆ ಬೋಲ್ಟು ಕಚ್ಚಿಕೊಂಡು ಕತ್ತರಿಸಿಯೇ ತೆಗೆಯಬೇಕಾದೀತು.

ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ಎತ್ತಿ ನೋಡೋಣ. ಶಾಕ್ ಅದುಮುವ ಮೊದಲೇ ‘ಟಕ್’ ಎಂದರೆ ಕೀಲು ಸವೆದಿದೆ ಎಂದರ್ಥ.

ಬಿಚ್ಚುವ ಮೊದಲು ಬೈಕಿಗೆ ಭದ್ರವಾಗಿ ಆಸರೆ ಕೊಡಬೇಕು. ಬುಷ್ ತೆಗೆದಾಗ ರೋಲರುಗಳು ಉದುರಬಹುದು, ಕೆಳಗೆ ತಟ್ಟೆ ಇರಲಿ. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ನೀರಿಗೆ ಜಗ್ಗದ ಗ್ರೀಸನ್ನು ತುಂಬಬೇಕು. ತುಕ್ಕಿನ ಗುಳಿ ಕಂಡರೆ ಬೇರಿಂಗ್, ಬುಷ್, ಸೀಲು ಮೂರನ್ನೂ ಬದಲಿಸಬೇಕು. ಬೋಲ್ಟನ್ನು ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಮಾಡಬೇಕು.

ಔಷಧಿ ಹೊಡೆಯುವ ಪಂಪಿನಿಂದ ಕೀಲುಗಳಿಗೆ ನೀರು ಹೊಡೆಯುವುದನ್ನು ಮಾತ್ರ ನಾವು ಬಿಡಲೇಬೇಕು. ಆ ರಭಸಕ್ಕೆ ನೀರು ಸೀಲು ದಾಟಿ ಒಳಗೆ ನುಗ್ಗುತ್ತದೆ.